ಒಂದೇ ವಾಕ್ಯದ ಬೆನ್ನು ಹತ್ತಿಸಿದ್ದು

ಪ್ರಾಜೆಕ್ಟ್ ವರದಿಯ ಕೊನೆಗೆ ಆಧಾರ ಅಂತ ‘ಗೂಗಲ್’ ಎಂದಷ್ಟೇ ಬರೆಯುವ ಚಾಳಿ ಕಾರವಾರದ ನಮ್ಮ ಡಿಗ್ರಿ ತರಗತಿಯಲ್ಲಿ ಬಹುತೇಕ ನಿಂತಿದೆ. ‘ಬಿಎ ಮಕ್ಕಳ ಹತ್ರ ಮೂಲ ಹುಡುಕೂದೆಲ್ಲ ಆಗೂದಲ್ಲ ಮಾರಾಯ್ರೆ’ ಎಂದವರೇ ಈಗ ಅದಕ್ಕೆಂದು ನಾನು ಮಾಡಿದ ಚೀಟಿಗಳ ಝೆರಾಕ್ಸ್ ಒಯ್ಯುತ್ತಿದ್ದಾರೆ.

ಮೊದಲ ವರ್ಷ ಡೇಟಾಬೇಸ್‌ಗಳ ಪಟ್ಟಿ ಹಂಚಿದ್ದೆ. ಬಣ್ಣದ ಪ್ರಿಂಟಿಗೇ ಸಾವಿರದಿನ್ನೂರರ ಹತ್ತಿರ ಹೋಯಿತು, ಪಟ್ಟಿ ನೋಟ್‌ಬುಕ್ಕಿನ ರಟ್ಟಾಯಿತು. ಮರುವರ್ಷ ‘ತಲಾ ಹತ್ತು ಮೂಲ ತನ್ನಿ’ ಎಂದೆ. ಹತ್ತಕ್ಕೆ ಹತ್ತೂ ಬಂದವು, ಓದಿದ್ದು ಒಂದೂ ಇಲ್ಲ.

ಈಗ ಇಬ್ಬರಿಗೆ ಒಂದು ಚೀಟಿ, ಚೀಟಿಯಲ್ಲಿ ಒಂದು ವಾಕ್ಯ, ನಲವತ್ತು ನಿಮಿಷ. ಹಿಂದಕ್ಕೆ ಹೋಗಿ ಅದನ್ನು ಮೊದಲು ಹೇಳಿದವರನ್ನು ಹಿಡಿಯಬೇಕು. ಬರೆಯಬೇಕಾದ್ದು ನಾಲ್ಕೇ ಸಾಲು: ಯಾರು, ಯಾವಾಗ, ಅವರಿಗೆ ಹೇಗೆ ಗೊತ್ತು, ಯಾವ ಪುಟ. ಮೂರನೆಯದು ಖಾಲಿಯಿದ್ದರೆ ಚೀಟಿ ವಾಪಸ್.

ಒಂದು ವಾಕ್ಯ ನೋಡಿ: ‘ಕೈಗಾ ಅಣುಸ್ಥಾವರದ ಒಂದನೇ ಘಟಕ ಸತತ 941 ದಿನ ಓಡಿ ವಿಶ್ವದಾಖಲೆ ಹೊಂದಿದೆ.’ ಅರ್ಧ ತರಗತಿ 941 ಎಂದಿತು, ಇನ್ನರ್ಧ 962. ಎರಡಕ್ಕೂ ಮೂಲವಿದೆ. 941 ಎಂಬುದು 2018ರ ಡಿಸೆಂಬರ್ 10ರ ಸುದ್ದಿ, ಬ್ರಿಟನ್ನಿನ ಹೇಶಮ್ ಘಟಕದ 940ನ್ನು ದಾಟಿದ ದಿನದ್ದು. ಘಟಕ ನಿಲ್ಲಿಸಿದ್ದು 31ಕ್ಕೆ, ಅಷ್ಟರೊಳಗೆ 962. ಇಷ್ಟಕ್ಕೇ ಎದ್ದವರನ್ನು ಮತ್ತೆ ಕೂರಿಸಿದೆ, ಏಕೆಂದರೆ ‘ಹೊಂದಿದೆ’ ಎಂಬುದೇ ತಪ್ಪು. ಕೆನಡಾದ ಡಾರ್ಲಿಂಗ್ಟನ್ ಒಂದನೇ ಘಟಕ 1,106 ದಿನ ಓಡಿ 2021ರಲ್ಲಿ ನಿಂತಿತು. ಹಾಗೆಯೇ ಕೈಗಾ ಘಟಕದ ಸಾಮರ್ಥ್ಯ 220 ಮೆಗಾವಾಟ್ ಎಂದು ಒಂದು ಕಡೆ, 202 ಎಂದು ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಪಟ್ಟಿಯಲ್ಲಿ. ಜಗಳ ಬೇಡ, ಎರಡನೆಯದು ಸ್ಥಾವರದ ಸ್ವಂತ ಬಳಕೆ ಕಳೆದ ಲೆಕ್ಕ.

ಹೆಚ್ಚಿನವರು ಬೀಳುವುದು ಹುಡುಕುವ ಪದದಲ್ಲಿ. ಶಿರಸಿ, ಸಿದ್ದಾಪುರ ಕಡೆಯ ಮಕ್ಕಳು ‘ಮಂಗನ ಕಾಯಿಲೆ’ ಎಂದು ಹಾಕಿದರೆ ಬರೀ ಪತ್ರಿಕಾ ಸುದ್ದಿ. ಇಂಗ್ಲಿಷಿನಲ್ಲಿ ‘ಮಂಕಿ’ ಎಂದು ಹೊಡೆದ ಜೋಡಿಯೊಂದು ಮಂಕಿಪಾಕ್ಸ್ ಲೇಖನ ಹಿಡಿದು ತಂದಿತ್ತು. ಕಾಯಿಲೆಯ ಇಂಗ್ಲಿಷ್ ಹೆಸರಿನಲ್ಲಿರುವ ‘ಕ್ಯಾಸನೂರು’ ಎಂಬ ಊರ ಹೆಸರನ್ನು ಇಂಗ್ಲಿಷಿನಲ್ಲಿ ಹಾಕಿದ ಮೇಲೆಯೇ 1957ರಿಂದೀಚಿನ ಸಂಶೋಧನೆ ಬಿಚ್ಚಿಕೊಂಡಿದ್ದು. ಕಾಯಿಲೆ ದಾಟಿಸುವುದು ಉಣುಗು, ಮಂಗ ಅಲ್ಲ ಎಂಬುದೂ ಅಲ್ಲೇ ಸಿಕ್ಕಿತು. ಹಳೇ ದಾಖಲೆಗೆ ‘ಉತ್ತರ ಕನ್ನಡ’ ಎಂದರೆ ಏನೂ ಬರದು. ‘ನಾರ್ತ್ ಕೆನರಾ’ ಬೇಕು, ಅದೂ ‘ಕೆ’ಯಿಂದ ಒಮ್ಮೆ, ‘ಸಿ’ಯಿಂದ ಒಮ್ಮೆ. 1883ರ ಬಾಂಬೆ ಗೆಜೆಟಿಯರಿನ ಸ್ಕ್ಯಾನಿನಲ್ಲಿ ಅಕ್ಷರ ಕಲಸಿಹೋಗಿರುತ್ತವೆ, ಅಲ್ಲಿ ಸರ್ಚ್ ನಂಬದೆ ಹಿಂದಿನ ಇಂಡೆಕ್ಸ್ ತಿರುವಬೇಕು.

ಪಿಎಚ್‌ಡಿ ಪ್ರಬಂಧಗಳನ್ನು ಇಟ್ಟಿರುವ ಜಾಲತಾಣ ಶೋಧಗಂಗಾ ಒಳ್ಳೆಯದೇ. ಆದರೆ ಮಕ್ಕಳು ಪ್ರಬಂಧದ ಎರಡನೇ ಅಧ್ಯಾಯದಿಂದ, ಅಂದರೆ ಬೇರೆಯವರು ಹೇಳಿದ್ದರ ಸಾರಾಂಶದಿಂದ, ಎತ್ತಿ ತರುತ್ತಾರೆ. ಆ ಅಧ್ಯಾಯದಿಂದ ಎತ್ತುವಂತಿಲ್ಲ ಎಂಬ ಒಂದೇ ನಿಯಮ ಇಟ್ಟಿದ್ದೇನೆ, ದಾರಿ ಕೇಳಲು ಮಾತ್ರ ಬಳಸಲಿ. ವಿಕಿಪೀಡಿಯಕ್ಕೂ ಇದೇ ಮಾತು.

ನಡುವೆ ಒಂದು ಕಿತಾಪತಿ ಮಾಡಿದೆ. ಚಾಟ್‌ಬಾಟ್ ಕೊಟ್ಟ ಹತ್ತು ಗ್ರಂಥಋಣಗಳನ್ನು ಹಂಚಿ, ಡಿಒಐ, ಅಂದರೆ ಲೇಖನಕ್ಕೆ ಕೊಟ್ಟ ಖಾಯಂ ಗುರುತು ಸಂಖ್ಯೆ, ಹಾಕಿ ತೆರೆಯಲು ಹೇಳಿದೆ. ನೆನಪಿದ್ದ ಹಾಗೆ ಮೂರೋ ನಾಲ್ಕೋ ತೆರೆಯಲೇ ಇಲ್ಲ. ಒಂದಂತೂ ಅಡಿಕೆ ಕೊಳೆರೋಗದ ಹೆಸರು ಹೊತ್ತು ಯಾವುದೋ ಹಲ್ಲಿನ ಲೇಖನಕ್ಕೆ ಹೋಯಿತು. ಮಕ್ಕಳು ನಕ್ಕು ಕಲಿತದ್ದು ಇದೊಂದೇ ಪಾಠ.

ಖರ್ಚು? ಎ4 ಹಾಳೆಯಲ್ಲಿ ಹದಿನಾರು ಚೀಟಿ, ಕಪ್ಪುಬಿಳುಪು, ಇಡೀ ಬ್ಯಾಚಿಗೆ ಅರವತ್ತು ರೂಪಾಯಿ ದಾಟದು. ಮಳೆಗಾಲದಲ್ಲಿ ನೆಟ್ ಕೈಕೊಡುತ್ತದೆ, ಪಿಡಿಎಫ್‌ಗಳನ್ನು ಜೂನಿಗೆ ಮುಂಚೆಯೇ ಪೆನ್‌ಡ್ರೈವಿಗೆ ಹಾಕಿಡಿ.

ಪ್ರತಿ ಬ್ಯಾಚಿನಲ್ಲೂ ಮೂಲವೇ ಇಲ್ಲದ ಒಂದು ವಾಕ್ಯ ಸೇರಿಸುತ್ತೇನೆ. ಅದು ಎಷ್ಟನೇ ವಾರ, ಯಾವ ಜೋಡಿಗೆ ಹೋಗುತ್ತದೆ ಎಂದು ಮಾತ್ರ ಕೇಳಬೇಡಿ, ನಮ್ಮ ಮಕ್ಕಳೂ ಇದನ್ನು ಓದುತ್ತಾರೆ.