ಡೊನ್ನಾ ಲೀ: ಧಾಟಿಗಿಂತ ಮೊದಲು ಕಾರ್ಡು

ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ತಂಡ 1947ರಲ್ಲಿ ರೆಕಾರ್ಡ್ ಮಾಡಿದ ‘ಡೊನ್ನಾ ಲೀ’ಯನ್ನು ನಾನು ಗಿಟಾರಿನಲ್ಲಿ ಕೈಗೆ ಕೂರಿಸಿಕೊಂಡ ಕ್ರಮ ಇದು. ಇದರ ಕಾರ್ಡುಗಳು (ಧಾಟಿಯ ಅಡಿಯಲ್ಲಿ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು) 1917ರ ‘ಇಂಡಿಯಾನಾ’ ಹಾಡಿನವು. ನಮ್ಮಲ್ಲಿ ಒಂದೇ ಧಾಟಿಗೆ ಬೇರೆ ಬೇರೆ ಸಾಹಿತ್ಯ ಕಟ್ಟುತ್ತಾರಲ್ಲ, ಇಲ್ಲಿ ಧಾಟಿಯೇ ಹೊಸದು, ತಳಪಾಯ ಹಳೆಯದು. ಹಕ್ಕು ಇರುವುದು ಧಾಟಿಗೆ, ಕಾರ್ಡಿಗಲ್ಲ, ಹಾಗಾಗಿ ಹಳೆಯ ಹಾಡಿಗೆ ಕೊಡಬೇಕಾದ ರಾಯಲ್ಟಿಯೂ ಉಳಿಯಿತು.

ಧಾಟಿ ಮುಟ್ಟದೆ ಮೊದಲು ಎರಡನೇ ತಂತಿ (ಬಿ) ಒಂದರಲ್ಲೇ, ಪ್ರತಿ ಕಾರ್ಡಿನಿಂದ ಒಂದೊಂದೇ ಸ್ವರ ಆರಿಸಿ, ಕಾರ್ಡುಗಳ ದಾರಿ ಹಿಡಿದೆ. ಬಾರು ಅಂದರೆ ತಾಳದ ಒಂದು ಆವರ್ತ, ಇಲ್ಲಿ ನಾಲ್ಕು ಬೀಟು; ಫ್ರೆಟ್ ಅಂದರೆ ಗಿಟಾರಿನ ಕತ್ತಿನ ಮೇಲಿನ ಮೆಟ್ಟಿಲು; ಎಫ್7, ಬಿ-ಫ್ಲ್ಯಾಟ್ ಮೈನರ್‌ನಂಥವು ಕಾರ್ಡಿನ ಹೆಸರುಗಳು. 2ನೇ ಬಾರಿನ ಎಫ್7ಗೆ 4ನೇ ಫ್ರೆಟ್. 3, 4ರ ಬಿ-ಫ್ಲ್ಯಾಟ್7ಗೆ 3ನೇ ಫ್ರೆಟ್. 5ರ ಬಿ-ಫ್ಲ್ಯಾಟ್ ಮೈನರ್‌ಗೆ 2ನೇ ಫ್ರೆಟ್. 6ರ ಇ-ಫ್ಲ್ಯಾಟ್7ಗೂ ಅದೇ. 7ರಲ್ಲಿ ಎ-ಫ್ಲ್ಯಾಟ್ ಬಂದಾಗ 1ನೇ ಫ್ರೆಟ್. ಇಷ್ಟು ಕಿವಿಗೆ ಹತ್ತಿದರೆ ಧಾಟಿಯ ಆ ಒರಟು ತಿರುವುಗಳು ಸುಮ್ಮನೆ ಬಂದವಲ್ಲ ಅನ್ನುವುದು ತಿಳಿಯುತ್ತದೆ.

ಬಹಳ ಜನ ದಾರಿ ತಪ್ಪುವುದು 21ನೇ ಬಾರಿನಲ್ಲಿ. 17ರಿಂದ 20ರವರೆಗೆ ಮೊದಲಿನ ನಾಲ್ಕು ಬಾರುಗಳ ಕಾರ್ಡುಗಳೇ ಮರಳುತ್ತವೆ. ಅಭ್ಯಾಸಬಲದಿಂದ ಕೈ, 5ನೇ ಬಾರಿನಲ್ಲಿ ಮಾಡಿದಂತೆ, 2ನೇ ಫ್ರೆಟ್ಟಿಗೆ ಇಳಿಯುತ್ತದೆ. ಆದರೆ 21ರಲ್ಲಿರುವುದು ಸಿ7. ಬೆರಳು 3ನೇ ಫ್ರೆಟ್ಟಿನಿಂದ 5ಕ್ಕೆ ಏರಬೇಕು, 23ರ ಎಫ್ ಮೈನರ್‌ಗೆ ದಾರಿ ಅದು. ಈ ಕವಲನ್ನೇ ಬೇರೆಯಾಗಿ ಸಾಧಿಸಿ.

ಆಮೇಲೆ ಧಾಟಿ, ನಾಲ್ಕು ನಾಲ್ಕು ಬಾರು, ಜೊತೆಗೆ ಮುಂದಿನ ಬಾರಿನ ಮೊದಲ ಸ್ವರ. ಆ ಒಂದು ಸ್ವರ ಬಿಟ್ಟರೆ ತುಂಡುಗಳು ಎಂದೂ ಬೆಸೆಯುವುದಿಲ್ಲ. ಮೆಟ್ರೊನೋಮ್ (ಲಯ ಎಣಿಸುವ ಯಂತ್ರ) ನಿಮಿಷಕ್ಕೆ 50 ಟಿಕ್ಕಿಗೆ ಇಟ್ಟು, ಅದರ ಟಿಕ್ಕನ್ನು 2 ಮತ್ತು 4ನೇ ಬೀಟ್ ಎಂದು ಎಣಿಸಿ. ಆಗ ನಿಜವಾದ ವೇಗ ನಿಮಿಷಕ್ಕೆ 100 ಬೀಟು. ಮೂಲ ರೆಕಾರ್ಡಿನ ವೇಗ 200 ದಾಟುತ್ತದೆ, ಅವಸರ ಬೇಡ. ಟ್ರಿಪ್ಲೆಟ್ (ಎರಡು ಸ್ವರದ ಜಾಗದಲ್ಲಿ ಮೂರು) ಬಂದಲ್ಲೆಲ್ಲ ಕೈ ಓಡುತ್ತದೆ. ಅದರ ಹಿಂದಿನ ಸ್ವರವನ್ನು ಅದರ ಪೂರ್ತಿ ಅವಧಿ ಹಿಡಿದರೆ ಸರಿಹೋಗುತ್ತದೆ.

ಪ್ರತಿ ಸ್ವರಕ್ಕೂ ಪಿಕ್ (ತಂತಿ ಮೀಟುವ ಬಿಲ್ಲೆ) ಹೊಡೆದರೆ ಟೈಪ್‌ರೈಟರ್ ಸದ್ದು. ಸಾಧ್ಯವಾದಲ್ಲೆಲ್ಲ ಬೀಟಿನ ನಡುವೆ ಬೀಳುವ ಸ್ವರಕ್ಕೆ ಪಿಕ್, ಬೀಟಿನ ಮೇಲಿನದಕ್ಕೆ ಮೀಟದೆ ಎಡಗೈ ಜಾರಿಕೆ. ಸ್ವಿಂಗ್, ಅಂದರೆ ಜಾಝ್‌ನ ತೂಗುವ ಲಯ, ಬರುವುದು ಅಲ್ಲಿಂದಲೇ.

ಜೊತೆಗಾರರ ಹತ್ತಿರ 10ನೇ ಬಾರನ್ನು ಮೊದಲೇ ಮಾತಾಡಿಕೊಳ್ಳಿ. ಕೆಲವರು ಡಿ-ಫ್ಲ್ಯಾಟ್ ಮೈನರ್ ಹಿಡಿಯುತ್ತಾರೆ, ಕೆಲವರು ಜಿ-ಫ್ಲ್ಯಾಟ್7. ಮಾತಾಡದೆ ಉಳಿದರೆ ಅದೇ ಎರಡನೇ ತಂತಿಯಲ್ಲಿ 9ನೇ ಬಾರಿಗೆ 6ನೇ ಫ್ರೆಟ್, 10ಕ್ಕೆ 5, 11ಕ್ಕೆ 4 ಇಳಿಸಿ, ಎರಡಕ್ಕೂ ಹೊಂದುತ್ತದೆ.