ಸತ್ತಂತೆ ಬಿದ್ದ ಚಿಮ್ಮಂಡೆಯ ನರದ ಸದ್ದು

ಎರಡು ಬೆರಳಲ್ಲಿ ಹಿಡಿದ ಚಿಮ್ಮಂಡೆ ಇದ್ದಕ್ಕಿದ್ದಂತೆ ಸತ್ತಂತೆ ಬಿದ್ದುಬಿಡುತ್ತದೆ. ಆಗ ಅದರ ನರಗಳು ಏನು ಮಾಡುತ್ತಿರುತ್ತವೆ? ಅದನ್ನು ನನ್ನ ಕಿವಿಯಲ್ಲೇ ಕೇಳಬೇಕು ಅನ್ನಿಸಿತ್ತು. ಆರಿಸಿಕೊಂಡದ್ದು ಗ್ರಿಲ್ಲಸ್ ಬೈಮ್ಯಾಕ್ಯುಲೇಟಸ್. ರೆಕ್ಕೆಯ ಬುಡದಲ್ಲಿ ಎರಡು ಹಳದಿ ಚುಕ್ಕೆ ಇರುವ ಕಪ್ಪು ಚಿಮ್ಮಂಡೆ ಅದು.

ಮೊದಲ ಕೆಲವು ದಿನ ಏನೂ ಆಗಲಿಲ್ಲ. ನಾನು ಜಾಸ್ತಿ ಒತ್ತುತ್ತಿದ್ದೆ. ಹುಳ ಒದ್ದಾಡುತ್ತಿತ್ತು, ಒಂದಂತೂ ಹಿಂಗಾಲನ್ನೇ ಕಳಚಿಕೊಂಡು ಓಡಿತು. ನನಗೆ ತುಂಬಾ ಬೇಜಾರಾಯಿತು. ಒತ್ತಡಕ್ಕಿಂತ ಕಾಲು ಮಡಚಿರುವುದು ಮುಖ್ಯ ಅಂತ ಆಮೇಲೆ ಗೊತ್ತಾಯಿತು. ಕತ್ತಿನ ಹಿಂದಿನ ಗಟ್ಟಿ ಕವಚವನ್ನು ಮೆಲ್ಲಗೆ ಒತ್ತಬೇಕು. ಕಾಲುಗಳು ಬಿಚ್ಚಿಕೊಳ್ಳದಂತೆ ತಡೆಯಬೇಕು. ಕೆಲವು ಸೆಕೆಂಡಿನಲ್ಲಿ ಒದ್ದಾಟ ನಿಲ್ಲುತ್ತದೆ. ಆಗ ಬೆರಳನ್ನು ನಿಧಾನಕ್ಕೆ ತೆಗೆದರೆ ಹುಳ ಮಡಚಿದ ಕಾಲಲ್ಲೇ ಸೆಟೆದುಕೊಂಡು ಬಿದ್ದಿರುತ್ತದೆ.

ಮುಂದಿನದು ತಂತಿ ಜೋಡಿಸುವ ಕೆಲಸ. ಹುಳವನ್ನು ಮಂಜುಗಡ್ಡೆಯ ಮೇಲಿಟ್ಟು ಮಂಪರು ಬರಿಸಿದೆ. ತೊಡೆಯ ಕವಚಕ್ಕೆ ಸೂಜಿಮೊನೆಯಿಂದ ಎರಡು ತೂತು ಮಾಡಿ, ಕೂದಲಿನಷ್ಟು ತೆಳುವಾದ ತಂತಿಗಳನ್ನು ಇಳಿಸಿ, ಜೇನುಮೇಣದಿಂದ ಅಂಟಿಸಿದೆ. ಅವು ಕಾಲು ಮಡಚುವ ಸ್ನಾಯುವಿನ ಸಂಕೇತ ಹಿಡಿಯುತ್ತವೆ. ಕೀಟದ ಸ್ನಾಯುವನ್ನು ನಡೆಸುವ ನರಕೋಶಗಳು ಬೆರಳೆಣಿಕೆಯಷ್ಟೇ. ಹಾಗಾಗಿ ಸ್ನಾಯುವಿನ ಸದ್ದಿನಲ್ಲೇ ಅವುಗಳ ಮಿಡಿತ ಗೊತ್ತಾಗುತ್ತದೆ. ಹುಳ ಪೂರ್ತಿ ಚೇತರಿಸಿಕೊಳ್ಳುವವರೆಗೆ ಕಾಯಲೇಬೇಕು. ಇಲ್ಲದಿದ್ದರೆ ಮಂಪರು ಯಾವುದು, ಸಾವಿನ ವೇಷ ಯಾವುದು ಅಂತ ತಿಳಿಯುವುದಿಲ್ಲ.

ಚೇತರಿಸಿಕೊಂಡ ಹುಳವನ್ನು ಮತ್ತೆ ಹಿಡಿದು ಬೀಳಿಸಿ, ತಂತಿಗಳ ಸಂಕೇತವನ್ನು ಸ್ಪೀಕರ್‌ಗೆ ಹಾಕಿದಾಗ ಮೌನ ಕೇಳಿಸುತ್ತದೆ ಅಂದುಕೊಂಡಿದ್ದೆ. ಕೇಳಿಸಿದ್ದು ಟಕ್... ಟಕ್... ಟಕ್. ನಿಧಾನ, ಆದರೆ ಬಿಡದೆ. ಕಣ್ಣಿಗೆ ಹೆಣದಂತೆ ಕಾಣುವ ಹುಳ, ಒಳಗೆ ಕಾಲನ್ನು ಮಡಚಿ ಹಿಡಿಯುವ ಕೆಲಸವನ್ನು ನಡೆಸುತ್ತಲೇ ಇತ್ತು! ಆ ಸದ್ದು ಕೇಳುತ್ತಾ ಎಷ್ಟು ಹೊತ್ತು ಕೂತಿದ್ದೆನೋ.

ಕಾಲು ಮಡಚಿದೆ ಅಂತ ನರಮಂಡಲಕ್ಕೆ ತಿಳಿಸುವುದು ತೊಡೆಯೊಳಗಿನ ಒಂದು ಪುಟ್ಟ ಇಂದ್ರಿಯ, ಕಾರ್ಡೊಟೋನಲ್ ಅಂಗ. ಮುಂಗಾಲಿನ ಈ ಅಂಗದಲ್ಲಿ ಒಂದಕ್ಕೊಂದು ವಿರುದ್ಧವಾಗಿ ಕೆಲಸ ಮಾಡುವ ಎರಡು ನರಕೋಶಗುಂಪುಗಳಿವೆ ಎಂದು 1999ರಲ್ಲಿ ನಿಶಿನೊ, ಸಕಾಯ್ ಮತ್ತು ಫೀಲ್ಡ್ ಎಂಬ ಸಂಶೋಧಕರು ತೋರಿಸಿದ್ದರು. ನಾನು ಕೆಲವು ಹುಳಗಳಲ್ಲಿ ಈ ಅಂಗವನ್ನು ಕತ್ತರಿಸಿದೆ. ಇನ್ನು ಕೆಲವಕ್ಕೆ ಸುಮ್ನೆ ಕವಚ ತೆರೆದು ಮುಚ್ಚಿದೆ. ಎರಡನೇ ಗುಂಪು ಮೊದಲಿನಂತೆ ಬಿದ್ದುಕೊಂಡಿತು. ಮೊದಲ ಗುಂಪು ಎಷ್ಟು ಹಿಡಿದರೂ ಒದ್ದಾಡುತ್ತಲೇ ಇತ್ತು. ಗಾಯಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳಲು ಆ ಎರಡನೇ ಗುಂಪು ಬೇಕೇ ಬೇಕಿತ್ತು. ಹೊಸಬರು ಬಿಟ್ಟುಬಿಡುವುದು ಇದನ್ನೇ.

ಕಾಲಿನಿಂದ ಶುರುವಾದರೂ ಎಷ್ಟು ಹೊತ್ತು ಬಿದ್ದಿರಬೇಕು ಎಂಬುದರಲ್ಲಿ ಮಿದುಳಿನ ಪಾತ್ರವೂ ಇದೆ. ಹಿಟ್ಟಿನ ಹುಳದಲ್ಲಿ ಜಾಸ್ತಿ ಹೊತ್ತು ಬೀಳುವ ತಳಿಯ ಮಿದುಳಿನಲ್ಲಿ ಡೋಪಮೈನ್, ಅಂದರೆ ನರಕೋಶಗಳ ನಡುವೆ ಸಂದೇಶ ಒಯ್ಯುವ ಒಂದು ರಾಸಾಯನಿಕ, ಕಡಿಮೆ ಇರುತ್ತದೆ. ಹಾಗಾಗಿ ಇದನ್ನು ನಟನೆ ಅನ್ನಲು ನನಗೆ ಮನಸ್ಸಾಗುವುದಿಲ್ಲ. ಹುಳ ನಟಿಸುತ್ತಿಲ್ಲ, ಅದರ ನರಗಳು ಅದನ್ನು ಹಿಡಿದಿಟ್ಟಿವೆ, ಅಲ್ವಾ?

ಏಳುವ ಗಳಿಗೆಯನ್ನೂ ಕೇಳಿದೆ. ಮೊದಲು ಮೀಸೆಯ ತುದಿ ಅಲುಗಿತು. ಟಕ್ ಟಕ್ ಒಮ್ಮೆಲೇ ಮಳೆ ಸುರಿದಂತಾಯಿತು. ಕಾಲು ಬಿಚ್ಚಿತು, ಹುಳ ತಂತಿ ಎಳೆದುಕೊಂಡೇ ನಡೆಯಿತು.