ಆರ್.ಎನ್. ಕಾವ್ ಅವರ ಜೀವನಚರಿತ್ರೆಯನ್ನು ನಾನು ಬರೆದ ಬಗೆ

ಬೇಹುಗಾರಿಕೆ ಸಂಸ್ಥೆಯ ಮುಖ್ಯಸ್ಥರೊಬ್ಬರ ಜೀವನಚರಿತ್ರೆಯನ್ನು ಧಾರವಾಡದಲ್ಲಿ ಕುಳಿತು ಬರೆಯಲಾಗದು ಎಂದವರೇ ಹೆಚ್ಚು. ದೆಹಲಿಯವರಿಗೇ ದೊರೆಯದ ಕಡತ ಇಲ್ಲಿಯವರಿಗೆ ಎಲ್ಲಿಂದ ಬರಬೇಕು ಎಂಬುದು ಅವರ ವಾದವಾಗಿತ್ತು. ಆದರೂ, ಭಾರತದ ವಿದೇಶಿ ಬೇಹುಗಾರಿಕೆ ಸಂಸ್ಥೆಯಾದ ‘ರಾ’ದ (ರಿಸರ್ಚ್ ಅಂಡ್ ಅನಾಲಿಸಿಸ್ ವಿಂಗ್) ಮೊದಲ ಮುಖ್ಯಸ್ಥ ರಾಮೇಶ್ವರನಾಥ ಕಾವ್ ಅವರನ್ನು ಕುರಿತ ನನ್ನ ಪುಸ್ತಕದ ಮೊದಲ ಮುದ್ರಣ ಈಗ ಮುಗಿಯುತ್ತ ಬಂದಿದೆ.

ಮೊದಲು ಹಿಡಿದ ದಾರಿಗಳು ಫಲಿಸಲಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ ರಾ ಸಂಸ್ಥೆಗೆ ವಿನಾಯಿತಿ ಇರುವುದರಿಂದ ಅರ್ಜಿಯಿಂದ ಏನೂ ಹೊರಡಲಿಲ್ಲ. ನಿವೃತ್ತ ಅಧಿಕಾರಿಗಳನ್ನು ಕಾಣಲು ದೆಹಲಿಗೆ ಹೋಗಿಬಂದದ್ದಕ್ಕೆ ವಸತಿ ಸೇರಿ ಮೂವತ್ತು ಸಾವಿರದ ಆಸುಪಾಸು ಖರ್ಚಾಯಿತು. ಅವರು ಚಹಾ ಕೊಟ್ಟರು, ಕಾವ್ ಅವರ ಮಿತಭಾಷೆಯನ್ನು ಮನಸಾರೆ ಹೊಗಳಿದರು, ಆದರೆ ಒಂದು ಇಸವಿಯನ್ನೂ ಹೇಳಲಿಲ್ಲ.

ಅಲ್ಲಿಂದ ಮರಳಿದ ಮೇಲೆ ರಾ ಸಂಸ್ಥೆಯ ಕಡತಗಳ ಆಸೆಯನ್ನು ಬಿಟ್ಟು, ಕಾವ್ ಕೆಲಸ ಮಾಡಿದೆಡೆ ಇತರರು ಬರೆದಿಟ್ಟ ಕಾಗದಗಳನ್ನು ಹುಡುಕಿದೆ. 1955ರ ಏಪ್ರಿಲ್ 11ರಂದು ಹಾಂಗ್‌ಕಾಂಗ್‌ನಿಂದ ಹೊರಟ ಏರ್ ಇಂಡಿಯಾದ ‘ಕಾಶ್ಮೀರ್ ಪ್ರಿನ್ಸೆಸ್’ ವಿಮಾನವು ಬಾಂಬ್ ಸ್ಫೋಟದಿಂದ ಸಮುದ್ರಕ್ಕೆ ಬಿದ್ದು ಹದಿನಾರು ಜನ ಸತ್ತಾಗ, ಇಂಡೋನೇಷ್ಯಾದ ಬಾಂಡುಂಗ್‌ನಲ್ಲಿ ನಡೆಯಲಿದ್ದ ಏಷ್ಯಾ-ಆಫ್ರಿಕಾ ದೇಶಗಳ ಸಮ್ಮೇಳನಕ್ಕೆ ಹೊರಟಿದ್ದ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಅವರೇ ಅದರ ಗುರಿಯಾಗಿದ್ದರು. ಆ ತನಿಖೆಗೆ ಭಾರತದಿಂದ ಹೋದವರು, ಆಗ ಕೇಂದ್ರದ ಗುಪ್ತಚರ ಸಂಸ್ಥೆಯಾದ ಇಂಟೆಲಿಜೆನ್ಸ್ ಬ್ಯೂರೋದಲ್ಲಿದ್ದ ಕಾವ್. ಇಂಥ ದುರಂತಕ್ಕೆ ಇಂಡೋನೇಷ್ಯಾದ ವಿಚಾರಣೆ, ಹಾಂಗ್‌ಕಾಂಗ್ ಪೊಲೀಸರ ತನಿಖೆ, ಪತ್ರಿಕಾ ವರದಿ ಎಲ್ಲವೂ ಇರುತ್ತವೆ. ನನ್ನ ಅತ್ಯುತ್ತಮ ಅಧ್ಯಾಯ ಇದೇ, ಮತ್ತು ಕನ್ನಡದಲ್ಲಿ ಈ ಪ್ರಸಂಗವನ್ನು ಇಷ್ಟು ವಿವರವಾಗಿ ಬರೆದದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಉಳಿದದ್ದಕ್ಕೆ ಉದ್ದನೆಯ ಕಾಲಪಟ್ಟಿ ಮಾಡಿದೆ: 1918ರಲ್ಲಿ ವಾರಾಣಸಿಯಲ್ಲಿ ಜನನ, 1968ರ ಸೆಪ್ಟೆಂಬರ್ 21ರಂದು ರಾ ಸ್ಥಾಪನೆ, 1971ರ ಬಾಂಗ್ಲಾ ಯುದ್ಧ, 1977ರಲ್ಲಿ ಸರ್ಕಾರ ಬದಲಾದಾಗ ನಿರ್ಗಮನ, 2002ರಲ್ಲಿ ನಿಧನ. ಪರಸ್ಪರ ಸಂಬಂಧವಿಲ್ಲದ ಎರಡು ಆಧಾರಗಳು ದೊರೆಯದ ಸಂಗತಿಗೆ ಪುಸ್ತಕದಲ್ಲಿ ಜಾಗ ಕೊಡಲಿಲ್ಲ. ಸಿಕ್ಕಿಂ ಭಾರತಕ್ಕೆ ಸೇರಿದ್ದರಲ್ಲಿ ರಾ ಪಾತ್ರದ ಕುರಿತು ರೋಚಕವಾಗಿ ಬರೆಯಿರಿ, ಪುಸ್ತಕ ಓಡುತ್ತದೆ ಎಂದು ಒಬ್ಬ ಪ್ರಕಾಶಕರು ಒತ್ತಾಯಿಸಿದರು. ನಾನು ಒಪ್ಪಲಿಲ್ಲ, ಅವರು ಹಿಂದೆ ಸರಿದರು. ಹಳೆಯ ದಾಖಲೆಗಳ ಸೂಚಿಯಲ್ಲಿ ಕಾವ್ ಎಂಬ ಹೆಸರಿನಿಂದ ಹುಡುಕಿದರೆ ಕೈಗೆ ಬರುವುದು ಅತ್ಯಲ್ಪ. ಯಾವುದರಿಂದ ಹುಡುಕಬೇಕೆಂಬುದನ್ನು ಮುಂದಿನ ಪುಸ್ತಕ ಮುಗಿಯುವವರೆಗೆ ನನ್ನಲ್ಲೇ ಇರಿಸಿಕೊಳ್ಳುತ್ತೇನೆ.

ನಡುವೆ ಇದೇ ಕಾಲಪಟ್ಟಿಯ ವಿಧಾನವನ್ನು 1950ರಿಂದ 1964ರವರೆಗೆ ಇಂಟೆಲಿಜೆನ್ಸ್ ಬ್ಯೂರೋದ ನಿರ್ದೇಶಕರಾಗಿದ್ದ ಬಿ.ಎನ್. ಮಲ್ಲಿಕ್ ಅವರಿಗೂ ಅನ್ವಯಿಸಿ ನೋಡಿದೆ. ಅವರು ಸ್ವತಃ ನೆನಪುಗಳನ್ನು ಸಂಪುಟಗಳಲ್ಲಿ ಬರೆದಿರುವುದರಿಂದ ಅಲ್ಲಿ ಕೆಲಸ ತಿರುವುಮುರುವಾಗುತ್ತದೆ: ಅವರ ಮಾತನ್ನು 1962ರ ಯುದ್ಧದ ನಂತರದ ಸಂಸತ್ತಿನ ಚರ್ಚೆಗಳ ಎದುರಿಗಿಟ್ಟು ಸಾಲುಸಾಲಾಗಿ ಜರಡಿ ಹಿಡಿಯಬೇಕಾಗುತ್ತದೆ.

ಕೊನೆಗೆ ಸ್ವಂತ ಹಣದಿಂದಲೇ ಅಚ್ಚು ಹಾಕಿಸಿದೆ. ಹುಬ್ಬಳ್ಳಿಯಲ್ಲಿ ಹೇಳಿದ ದರ ಹೆಚ್ಚಾಯಿತೆಂದು ಗದಗಿಗೆ ಹೋದೆ. ಐದುನೂರು ಪ್ರತಿಗಳಿಗೆ, ಅಕ್ಷರ ಜೋಡಣೆ ಸೇರಿ, ನಲವತ್ತೈದು ಸಾವಿರದಷ್ಟಾಯಿತು. ಬೆಲೆ ನೂರೈವತ್ತು. ಕೊಂಡವರಲ್ಲಿ ಹೆಚ್ಚಿನವರು ಸಪ್ತಾಪುರದಲ್ಲಿ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು. ಮುದ್ರಣದ ಹಣ ಮರಳಿದೆ, ದೆಹಲಿಯ ಖರ್ಚು ಇನ್ನೂ ಪೂರ್ತಿ ಹುಟ್ಟಿಲ್ಲ.